ಶುಶ್ರೂಷೆ ಯಾರ ಹೊಣೆ?

'ಶುಶ್ರೂಷೆ' ಎಂಬ ಮಾತನ್ನು ನಾವೆಲ್ಲ ಬಳಸುತ್ತೇವೆ. ರೋಗಿಯ ಆರೈಕೆ ಎಂಬುದೇ ಅದರ ಅರ್ಥವೆಂದು ತಿಳಿದಿದ್ದೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಬೇರೆ. 'ಶ್ರು' ಧಾತುವಿನಿಂದ ಬಂದ ಆ ಪದಕ್ಕೆ 'ಕೇಳಬೇಕೆಂಬ ಇಚ್ಛೆ' ಎಂದು ಅರ್ಥ. ಕೇಳಬಯಸುವವನು ಹತ್ತಿರ ಇರಬೇಕು, ಹತ್ತಿರ ಇರುವವನು ಹೇಳಿದ ಕೆಲಸ ಮಾಡಿಕೊಡಬೇಕು. ಹೀಗೆ ಆ ಮಾತಿಗೆ ಸೇವೆ ಎಂಬ ಅರ್ಥ ಸೇರಿತು. ಸೇವೆಯ ಮೂಲದಲ್ಲಿ ಕಿವಿಗೊಡುವ ಗುಣವಿದೆ ಎಂಬುದನ್ನು ನಮ್ಮ ಹಿರಿಯರ ಭಾಷೆಯೇ ಗುರುತಿಸಿಟ್ಟಿದೆ. ಈಗ ನಮ್ಮ ಯಾವುದೇ ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿಗೆ ರಾತ್ರಿ ಹೊತ್ತು ಹೋಗಿ ನೋಡೋಣ. ನಲವತ್ತು ಮಂಚಗಳು, ಮಂಚ ಸಿಗದವರು ನೆಲದ ಮೇಲೆ, ಇಷ್ಟೂ ಜನಕ್ಕೆ ಒಬ್ಬರೋ ಇಬ್ಬರೋ ನರ್ಸುಗಳು. ಅಲ್ಲಿ ಕೇಳುವ ಇಚ್ಛೆ ಇದ್ದರೂ ಕೇಳಲು ಬಿಡುವೆಲ್ಲಿದೆ?

ಆಸ್ಪತ್ರೆಗಳಲ್ಲಿ ನರ್ಸುಗಳ ಕೊರತೆ ಎಂಬುದನ್ನು ನಾವು ಸಾಮಾನ್ಯವಾಗಿ ಆಡಳಿತದ ಪ್ರಶ್ನೆ ಎಂದು ಭಾವಿಸುತ್ತೇವೆ. ಹುದ್ದೆ ಎಷ್ಟು, ಖಾಲಿ ಎಷ್ಟು, ಬಜೆಟ್ಟಿನಲ್ಲಿ ಹಣವೆಷ್ಟು ಎಂಬುದೆಲ್ಲ ಅಧಿಕಾರಿಗಳ ತಲೆನೋವು ಎಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಆ ಲೆಕ್ಕದ ಹಿಂದೆ ಒಂದು ನೈತಿಕ ಪ್ರಶ್ನೆ ಇದೆ. ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದು ಸಮಾಜದ ಹೊಣೆ ಎಂದು ಒಪ್ಪಿದ ಮೇಲೆ, ಆ ಹೊಣೆಯನ್ನು ಕೆಲವೇ ಹೆಣ್ಣುಮಕ್ಕಳ ಹೆಗಲಿಗೆ ಹಾಕಿ, ಅವರ ತ್ಯಾಗವನ್ನು ಹೊಗಳುತ್ತ ಕೂರುವುದು ನ್ಯಾಯವೆ?

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ. ವೈದ್ಯ, ಔಷಧ, ಪರಿಚಾರಕ, ರೋಗಿ. ಈ ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನಿಗೆ ಹೇಳಿದ ಗುಣಗಳು ಉಪಚಾರದ ಅರಿವು, ದಕ್ಷತೆ, ಅನುರಾಗ ಮತ್ತು ಶುಚಿತ್ವ. ನಾಲ್ವರಲ್ಲಿ ವೈದ್ಯನೇ ಪ್ರಧಾನ ಎಂದು ಚರಕ ಹೇಳುತ್ತಾನೆ, ನಿಜ. ಆದರೂ ಪರಿಚಾರಕನನ್ನು ವೈದ್ಯನ ಕೈಯಾಳೆಂದು ಬದಿಗೆ ಸರಿಸದೆ, ಚಿಕಿತ್ಸೆಯ ಪಾದವೆಂದೇ ಎಣಿಸಿದ್ದಾನೆ. ಆತ ಹೇಳಿದ ಮೊದಲ ಗುಣ ಅರಿವು, ಅನುರಾಗ ಆಮೇಲೆ. ನರ್ಸಿನಲ್ಲಿ ಮಮತೆ ಒಂದಿದ್ದರೆ ಸಾಕು, ವಿದ್ಯೆ ಯಾಕೆ ಎಂದು ಕೇಳುವವರು ಇದನ್ನು ಗಮನಿಸಬೇಕು.

ಇಷ್ಟು ಹಳೆಯ ವಿವೇಕ ಇದ್ದೂ ನಮ್ಮ ಸಮಾಜ ಈ ವೃತ್ತಿಯನ್ನು ಬಹುಕಾಲ ಕೀಳಾಗಿಯೇ ಕಂಡಿತು. ಪರರ ಮಲಮೂತ್ರ, ರಕ್ತ, ಕೀವು ಮುಟ್ಟುವ ಕೆಲಸ. ಪರಪುರುಷರ ಮೈ ಒರೆಸುವ ಕೆಲಸ. ರಾತ್ರಿ ಮನೆಯ ಹೊರಗೆ ಇರಬೇಕಾದ ಕೆಲಸ. ಮಡಿ ಮೈಲಿಗೆಯ ಲೆಕ್ಕದಲ್ಲಿ ಬದುಕುತ್ತಿದ್ದ ಮನೆಗಳು ತಮ್ಮ ಹೆಣ್ಣುಮಕ್ಕಳನ್ನು ಇದಕ್ಕೆ ಕಳಿಸಲಿಲ್ಲ. ಆ ಕೆಲಸವನ್ನು ಎತ್ತಿಕೊಂಡವರಲ್ಲಿ ಕ್ರೈಸ್ತ ಮಹಿಳೆಯರೇ ಬಹಳ, ಅದರಲ್ಲೂ ಕೇರಳದವರು. ಮಂಗಳೂರು ಕಡೆಯ ಕ್ರೈಸ್ತ ಮನೆತನಗಳಿಂದಲೂ ಎಷ್ಟೋ ಮಂದಿ ಬಂದರು. ನಾವು ಮುಟ್ಟಲು ಹೇಸಿದ್ದನ್ನು ಮುಟ್ಟಿ ತೊಳೆದವರು ಅವರು. 1946ರಲ್ಲಿ ಸರ್ ಜೋಸೆಫ್ ಭೋರ್ ಅವರ ಸಮಿತಿ ದೇಶದ ಆರೋಗ್ಯದ ವರದಿ ಕೊಟ್ಟಾಗ, ಸುಮಾರು 6,300 ಜನಕ್ಕೆ ಒಬ್ಬ ವೈದ್ಯನಿದ್ದರೆ 43,000 ಜನಕ್ಕೆ ಒಬ್ಬ ನರ್ಸು ಇದ್ದಳು. ಒಂದು ತಾಲ್ಲೂಕಿಗೆ ಇಬ್ಬರೋ ಮೂವರೋ ಎಂಬಂತಿದ್ದ ಈ ಸ್ಥಿತಿಗೆ ಬಡತನ ಮಾತ್ರ ಕಾರಣವಲ್ಲ. ನಮ್ಮ ಹೇಸಿಗೆಯೂ ಕಾರಣವೆಂದೇ ಹೇಳಬೇಕು.

ಅಲ್ಲಿಂದ ನಾವು ಬಹಳ ದೂರ ಬಂದಿದ್ದೇವೆ. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂತು. 2023ರಲ್ಲಿ ಅದರ ಜಾಗದಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆರೈಕೆ ಆಯೋಗದ ಕಾಯಿದೆ ಬಂದಿದೆ. ಅದೇ ವರ್ಷ ಕೇಂದ್ರ ಸರಕಾರ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಬೆಂಗಳೂರು, ಮಂಗಳೂರುಗಳಲ್ಲಂತೂ ನರ್ಸಿಂಗ್ ಕಾಲೇಜಿಲ್ಲದ ಬಡಾವಣೆ ಹುಡುಕುವುದೇ ಕಷ್ಟ. ಕೇರಳದ ಮಕ್ಕಳು ಸಾಲ ಮಾಡಿ ಬಂದು ಅಲ್ಲಿ ಓದುತ್ತಾರೆ. ಹಾಗಿದ್ದೂ ವಾರ್ಡಿನಲ್ಲಿ ನರ್ಸಿಲ್ಲ ಎಂದರೆ ಏನರ್ಥ?

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಪರಿಷತ್ತು ಹಾಕಿಕೊಟ್ಟಿದ್ದ ನಿಯಮದಂತೆ ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸು, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ಅದರ ಮೇಲೆ ರಜೆಗಾಗಿ ಶೇಕಡಾ 30ರಷ್ಟು ಹೆಚ್ಚು ಮಂದಿ. ಮೂವರಿಗೆ ಒಬ್ಬರು ಎಂದರೆ ಬಹಳವಾಯಿತಲ್ಲ ಎನಿಸಬಹುದು. ಆದರೆ ಆಸ್ಪತ್ರೆಗೆ ಬಾಗಿಲು ಹಾಕುವ ಹೊತ್ತಿಲ್ಲ. ದಿನಕ್ಕೆ ಮೂರು ಪಾಳಿಯಂತೆ ವರ್ಷಕ್ಕೆ 1,095 ಪಾಳಿಗಳು. ವಾರದ ರಜೆ, ಹಬ್ಬ, ಕಾಯಿಲೆ, ಹೆರಿಗೆ ಎಲ್ಲ ಕಳೆದರೆ ಒಬ್ಬರು ವರ್ಷಕ್ಕೆ ಸುಮಾರು 270 ಪಾಳಿ ಮಾಡಿಯಾರು. ಎಂದರೆ ಒಂದು ಜಾಗದಲ್ಲಿ ಹಗಲಿರುಳು ಒಬ್ಬರು ನಿಂತಿರಬೇಕಾದರೆ ನಾಲ್ವರನ್ನು ನೇಮಿಸಬೇಕು. ನಲವತ್ತು ಮಂಚದ ವಾರ್ಡಿಗೆ ಮೂವರಿಗೊಬ್ಬರಂತೆ 13 ಮಂದಿಯನ್ನು ಕೊಟ್ಟು ನಿಯಮ ಪಾಲಿಸಿದೆವು ಎಂದರೆ, ಯಾವುದೇ ಹೊತ್ತಿನಲ್ಲಿ ಮಂಚಗಳ ನಡುವೆ ಓಡಾಡುವವರು ಮೂವರು; ಒಬ್ಬೊಬ್ಬರಿಗೆ ಹನ್ನೆರಡು ಹದಿಮೂರು ರೋಗಿಗಳು. ರಜೆಯ ಹೆಚ್ಚುವರಿ ಮಂದಿಯನ್ನು ಸೇರಿಸಿದರೂ ಒಂಬತ್ತು ಹತ್ತಕ್ಕೆ ಇಳಿದೀತು, ಅಷ್ಟೆ. ಕಾಗದದ ಮೇಲಿನ ಮೂರು ವಾರ್ಡಿನಲ್ಲಿ ಹತ್ತಾಗುತ್ತದೆ. ಮಂಜೂರಾದ ಹುದ್ದೆಗಳಲ್ಲಿ ಅರ್ಧ ಖಾಲಿ ಇದ್ದರೆ ಇಪ್ಪತ್ತಾಗುತ್ತದೆ. ರಾತ್ರಿಪಾಳಿಗೆ ಒಬ್ಬರನ್ನೇ ಹಾಕಿದರೆ ನಲವತ್ತೇ.

ಎಂಟು ತಾಸಿಗೆ 480 ನಿಮಿಷ. ನಲವತ್ತು ಮಂದಿಗೆ ಹಂಚಿದರೆ ಒಬ್ಬೊಬ್ಬರಿಗೆ 12 ನಿಮಿಷ. ಆ ಹನ್ನೆರಡು ನಿಮಿಷದಲ್ಲಿ ಜ್ವರ ನೋಡಬೇಕು, ರಕ್ತದೊತ್ತಡ ಅಳೆಯಬೇಕು, ಗುಳಿಗೆ ಕೊಡಬೇಕು, ಇಂಜೆಕ್ಷನ್ ಚುಚ್ಚಬೇಕು, ಸಲಾಯಿನ್ ಬಾಟಲಿ ಬದಲಿಸಬೇಕು, ಗಾಯ ಕಟ್ಟಬೇಕು, ಇದೆಲ್ಲವನ್ನೂ ಬರೆದಿಡಬೇಕು. ನಡುವೆ ಒಬ್ಬನಿಗೆ ಉಸಿರು ಕಟ್ಟಿತೆಂದರೆ ಉಳಿದ ಮೂವತ್ತೊಂಬತ್ತು ಮಂದಿಯ ನಿಮಿಷಗಳೂ ಅವನ ಪಾಲಾಗುತ್ತವೆ. ಅಂಥ ರಾತ್ರಿ ನೀರು ಕೇಳಿದ ಅಜ್ಜನಿಗೆ ನೀರು ಸಿಗದೆ ಹೋದರೆ ತಪ್ಪು ಯಾರದು? 'ಆ ನರ್ಸಿಗೆ ಕರುಣೆಯಿಲ್ಲ' ಎಂದು ಬೆಳಿಗ್ಗೆ ಮಗ ರೇಗುತ್ತಾನೆ. ಕರುಣೆಗೂ ಕಾಲ ಬೇಕು. ಕಾಲವನ್ನೇ ಕೊಡದೆ ಕರುಣೆಯನ್ನು ಕೇಳುವುದು ಬತ್ತಿದ ಬಾವಿಗೆ ಕೊಡ ಇಳಿಸಿದಂತೆ.

ಇದು ಬರಿಯ ಕಿರಿಕಿರಿಯ ಮಾತಲ್ಲ, ಪ್ರಾಣದ ಮಾತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ಅಭ್ಯಾಸ ಮಾಡಿ ಲಿಂಡಾ ಐಕೆನ್ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ವರದಿ ಪ್ರಸಿದ್ಧವಾಗಿದೆ. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆಂದು ಅವರು ಕಂಡರು. ಅವರು ಅಳೆದದ್ದು ನಾಲ್ಕಕ್ಕೂ ಎಂಟಕ್ಕೂ ಇರುವ ಅಂತರವನ್ನು. ನಮ್ಮ ಇಪ್ಪತ್ತು, ನಲವತ್ತು ಅವರ ಪಟ್ಟಿಯಲ್ಲೇ ಇರಲಿಲ್ಲ. ವೈದ್ಯರು ದಿನಕ್ಕೊಂದೆರಡು ಸಲ ಬಂದು ಹೋಗುತ್ತಾರೆ. ರೋಗಿಯ ತುಟಿ ನೀಲಿಯಾದದ್ದನ್ನು, ಮಾತು ತೊದಲಿದ್ದನ್ನು, ಗಾಯ ಒದ್ದೆಯಾದದ್ದನ್ನು ಮೊದಲು ಕಾಣುವ ಕಣ್ಣು ನರ್ಸಿನದು. ಆ ಕಣ್ಣು ಮತ್ತೊಂದು ಮಂಚದ ಬಳಿ ಇದ್ದರೆ ಎಷ್ಟು ದೊಡ್ಡ ಸರ್ಜನ್ ಇದ್ದೂ ಪ್ರಯೋಜನವಿಲ್ಲ.

ಹಾಗಾದರೆ ಕೊರತೆ ಯಾವುದರದು? ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ನರ್ಸುಗಳಿದ್ದಾರೆ, ಇನ್ನೂ 58 ಲಕ್ಷ ಮಂದಿ ಬೇಕು. ನಮ್ಮಲ್ಲಿ ಮಾತ್ರ ಒಂದು ವಿಚಿತ್ರವಿದೆ. ಒಂದು ಕಡೆ ವಾರ್ಡು ಬರಿದು. ಇನ್ನೊಂದು ಕಡೆ ಓದಿ ಮುಗಿಸಿದ ಹುಡುಗಿಯರು ಕೆಲಸ ಹುಡುಕುತ್ತ, ಇಲ್ಲವೆ ಪರದೇಶದ ಪರೀಕ್ಷೆಗೆ ಓದುತ್ತ ಕೂತಿದ್ದಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಹುದ್ದೆ ತುಂಬುವುದಿಲ್ಲ, ತುಂಬಿದರೂ ಗುತ್ತಿಗೆಯ ಮೇಲೆ. ಖಾಸಗಿ ಆಸ್ಪತ್ರೆಗಳಲ್ಲಿ ಸಂಬಳ ಸಾಲದ ಬಡ್ಡಿಗೂ ಸಾಲದು. ಬಾಂಡ್ ಬರೆಸಿಕೊಂಡು, ಸರ್ಟಿಫಿಕೇಟು ಇಟ್ಟುಕೊಂಡು ದುಡಿಸುವ ಪದ್ಧತಿಯ ವಿರುದ್ಧ ನರ್ಸುಗಳು ದನಿಯೆತ್ತಬೇಕಾಯಿತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಮಂಚದ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ 20,000 ರೂಪಾಯಿಗೆ ಕಡಿಮೆ ಇರಬಾರದೆಂದು ಸೂಚಿಸಿತು. ಹೀಗೆ ಸೂಚಿಸಬೇಕಾಯಿತು ಎಂಬುದೇ ಅಂದಿನ ಸ್ಥಿತಿಯನ್ನು ಹೇಳುತ್ತದೆ. ಕೊರತೆ ಮನುಷ್ಯರದ್ದಲ್ಲ, ಅವರಿಗೆ ಬೆಲೆ ಕೊಡುವ ಮನಸ್ಸಿನದು.

ಇಂಥ ಮಾತು ಬಂದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತದೆ. 'ನರ್ಸಿಂಗ್ ಎಂದರೆ ಸೇವೆ, ವ್ಯಾಪಾರವಲ್ಲ. ಸಂಬಳ, ತಾಸು ಎಂದು ಲೆಕ್ಕ ಹಾಕುವವರು ಆ ವೃತ್ತಿಗೆ ಬರಬಾರದು.' ಕೇಳಲು ಉದಾತ್ತವಾಗಿದೆ. ಆದರೆ ಈ ಮಾತನ್ನು ಯಾರು, ಯಾರಿಗೆ ಹೇಳುತ್ತಾರೆಂದು ನೋಡಬೇಕು. ವೈದ್ಯಕೀಯವೂ ಸೇವೆಯೇ; ಆದರೂ ಸರ್ಜನ್ನರ ಫೀಸು ಕೊಡುವಾಗ ಯಾರೂ ಈ ಉಪದೇಶ ಮಾಡುವುದಿಲ್ಲ. ಜಗತ್ತಿನ ನರ್ಸುಗಳಲ್ಲಿ ಹತ್ತಕ್ಕೆ ಎಂಟಕ್ಕೂ ಮಿಕ್ಕಿ ಹೆಂಗಸರು. ಮನೆಯಲ್ಲಿ ತಾಯಿ, ಹೆಂಡತಿ, ಸೊಸೆ ಪುಕ್ಕಟೆಯಾಗಿ ಮಾಡುತ್ತ ಬಂದ ಕೆಲಸಕ್ಕೆ ಆಸ್ಪತ್ರೆಯಲ್ಲಿ ಮಾತ್ರ ಏಕೆ ಬೆಲೆ ಕಟ್ಟಬೇಕು ಎಂಬ ಭಾವನೆ ಈ ಉಪದೇಶದ ಬುಡದಲ್ಲಿದೆ. ಸೇವೆ ಎಂಬುದು ಮಾಡುವವರು ತಾವಾಗಿ ಕೊಡುವ ವಸ್ತು. ಪಡೆಯುವವರು ಅದನ್ನು ಹಕ್ಕಿನಿಂದ ಕೇಳತೊಡಗಿದರೆ ಅದು ಬಿಟ್ಟಿಯಾಗುತ್ತದೆ. ದಾನ ಕೊಟ್ಟವನನ್ನು ಹೊಗಳೋಣ. ಆದರೆ ನಾಳೆಯೂ ಕೊಡೆಂದು ಅವನ ಕುತ್ತಿಗೆಗೆ ಕೈ ಹಾಕುವುದು ಯಾವ ಧರ್ಮ?

ಈ ವಿಷಯದಲ್ಲಿ ಮುಂಬಯಿಯ ಕನ್ನಡಿಗರಾದ ನಾವು ಮರೆಯಬಾರದ ಒಂದು ಚರಿತ್ರೆಯಿದೆ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಕ್ರೂರ ಹಲ್ಲೆಯಾಯಿತು. ಮಿದುಳಿಗೆ ಪೆಟ್ಟಾಗಿ, ಅವರು 2015ರ ಮೇ 18ರಂದು ತೀರಿಕೊಳ್ಳುವ ತನಕ, ನಲವತ್ತೊಂದು ವರ್ಷಕ್ಕೂ ಮಿಕ್ಕಿ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸುಗಳು. ಒಂದು ತಲೆಮಾರಿನವರು ನಿವೃತ್ತರಾದರೆ ಇನ್ನೊಂದು ತಲೆಮಾರು. ಅರುಣಾ ಅವರನ್ನು ಆರೋಗ್ಯದಿಂದಿದ್ದಾಗ ಕಾಣದವರೂ ಅವರನ್ನು ತಮ್ಮವರೆಂದು ತಿಳಿದು ಮೀಯಿಸಿ, ಉಣಿಸಿ, ಮಗ್ಗುಲು ಬದಲಿಸಿದರು. ಇಷ್ಟು ವರ್ಷ ಹಾಸಿಗೆ ಹಿಡಿದವರ ಮೈಯಲ್ಲಿ ಬೆಡ್‌ಸೋರ್ ಏಳದಂತೆ ನೋಡಿಕೊಂಡರೆಂಬುದು ಶುಶ್ರೂಷೆಯ ಬಗ್ಗೆ ತಿಳಿದವರಿಗೆ ಬೆರಗಿನ ಮಾತು. ಎಂಬತ್ತರ ದಶಕದಲ್ಲಿ ಅವರನ್ನು ಬೇರೆಡೆ ಸಾಗಿಸುವ ಯೋಚನೆ ನಡೆದಾಗ ನರ್ಸುಗಳೇ ಪ್ರತಿಭಟಿಸಿ ತಡೆದರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು, ದಯಾಮರಣದ ಅರ್ಜಿಯ ಮೇಲೆ ತೀರ್ಪು ಕೊಡುವಾಗ, ಅರುಣಾ ಅವರ ಪರವಾಗಿ ಮಾತಾಡುವ ಅಧಿಕಾರ ಆಸ್ಪತ್ರೆಯ ಈ ಸಿಬ್ಬಂದಿಗೇ ಇದೆಯೆಂದು ಒಪ್ಪಿತು. ಕಾನೂನಿನ ಕಣ್ಣಿನಲ್ಲಿಯೂ ಅವರೇ ಹತ್ತಿರದವರಾದರು.

ಈ ಕಥೆಯನ್ನು ಸೇವೆಯ ಮಹಿಮೆಗೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ಅದರ ಇನ್ನೊಂದು ಭಾಗವನ್ನು ಹೇಳುವವರು ಕಡಿಮೆ. ಹಲ್ಲೆಯಾದ ಮೇಲೆ ಈ ನಗರದ ನರ್ಸುಗಳು ಮುಷ್ಕರ ಹೂಡಿದ್ದರು. ಅರುಣಾ ಅವರಿಗೆ ಸರಿಯಾದ ಆರೈಕೆ ಸಿಗಬೇಕು, ತಮಗೆ ಸುರಕ್ಷಿತವಾದ ಕೆಲಸದ ಸ್ಥಿತಿ ಬೇಕು ಎಂದು ಕೇಳಿದ್ದರು. ನಾಲ್ಕು ದಶಕ ಎಡೆಬಿಡದೆ ಸೇವೆ ಮಾಡಿದ ನರ್ಸುಗಳದೂ ಹಕ್ಕಿಗಾಗಿ ಬೀದಿಗಿಳಿದ ನರ್ಸುಗಳದೂ ಒಂದೇ ಬಳಗ. ಹಕ್ಕು ಕೇಳುವವರಿಗೆ ಸೇವಾಭಾವವಿಲ್ಲ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಮುಷ್ಕರದ ಮಾತು ಸುಲಭವಲ್ಲ, ಒಪ್ಪುತ್ತೇವೆ. ಮಿಲ್ಲು ನಿಂತರೆ ಬಟ್ಟೆ ನಿಲ್ಲುತ್ತದೆ. ವಾರ್ಡು ನಿಂತರೆ ಉಸಿರು ನಿಲ್ಲಬಹುದು. ಆದ್ದರಿಂದ ತುರ್ತು ಚಿಕಿತ್ಸೆಯನ್ನೂ ಐ.ಸಿ.ಯು.ವನ್ನೂ ಬಿಟ್ಟು ಹೊರಬರುವ ಮುಷ್ಕರವನ್ನು ನಾವು ಸಮರ್ಥಿಸಲಾರೆವು. ಆದರೆ ಮುಷ್ಕರದ ದಿನ 'ರೋಗಿಗಳ ಗತಿಯೇನು' ಎಂದು ಕೇಳುವ ನಾವು, ಮುಷ್ಕರವಿಲ್ಲದ ದಿನ ನಲವತ್ತು ಮಂದಿಗೆ ಒಬ್ಬರಿದ್ದಾಗ ಅದೇ ಪ್ರಶ್ನೆಯನ್ನು ಏಕೆ ಕೇಳುವುದಿಲ್ಲ? ಎರಡೂ ದಿನ ರೋಗಿಯ ಗತಿ ಒಂದೇ. ಒಂದು ದಿನದ್ದು ಪತ್ರಿಕೆಯಲ್ಲಿ ಬರುತ್ತದೆ, ಇನ್ನೊಂದು ದಿನದ್ದು ಬರುವುದಿಲ್ಲ.

ಇನ್ನು ಪರದೇಶಕ್ಕೆ ಹೋಗುವವರ ಮಾತು. 'ಇಲ್ಲಿ ಕಲಿತು ಅಲ್ಲಿಗೆ ಹಾರುತ್ತಾರೆ, ದೇಶಾಭಿಮಾನವಿಲ್ಲ' ಎಂಬ ದೂರು ನಮ್ಮ ಜಗಲಿಗಳಲ್ಲೂ ಕೇಳಿಬರುತ್ತದೆ. ದೂರುವ ಮೊದಲು ನಾವು ಯಾರೆಂದು ನೆನೆಯುವುದು ಮೇಲು. ನಮ್ಮ ಹಿರಿಯರು ಉಡುಪಿ, ಕುಂದಾಪುರ, ಕಾರವಾರ, ಧಾರವಾಡಗಳಿಂದ ಇಲ್ಲಿಗೆ ಬಂದದ್ದು ಏಕೆ? ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ, ಊರಿಗೆ ಮನಿಯಾರ್ಡರು ಕಳಿಸಿದವರ ಮಕ್ಕಳು ಮೊಮ್ಮಕ್ಕಳು ನಾವು. ತಂಗಿಯ ಮದುವೆಗೆ, ತಂದೆಯ ಸಾಲಕ್ಕೆ ಕುವೈತಿಗೋ ಇಂಗ್ಲೆಂಡಿಗೋ ಹೋಗುವ ಹುಡುಗಿಯನ್ನು ಬಯ್ಯುವ ಬಾಯಿ ನಮಗಿಲ್ಲ. 2014ರಲ್ಲಿ ಇರಾಕಿನ ತಿಕ್ರಿತ್ ನಗರದಲ್ಲಿ ಯುದ್ಧದ ನಡುವೆ ಸಿಕ್ಕಿಬಿದ್ದು ಪಾರಾಗಿ ಬಂದ 46 ಮಂದಿ ಭಾರತೀಯ ನರ್ಸುಗಳನ್ನು ಅಲ್ಲಿಗೆ ಅಟ್ಟಿದ್ದು ಧನದಾಸೆ ಎನ್ನುವುದಕ್ಕಿಂತ ಮನೆಯ ಸಾಲ ಎನ್ನುವುದೇ ಸರಿಯಾದೀತು.

ಹೋಗುವವರ ತಪ್ಪಿಲ್ಲ ಎಂದಾಕ್ಷಣ ಕರೆಸಿಕೊಳ್ಳುವವರ ಹೊಣೆ ಕಳೆಯುವುದಿಲ್ಲ. ಇಂದು ಜಗತ್ತಿನ ಏಳು ನರ್ಸುಗಳಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದವರು. ಬಡದೇಶ ಖರ್ಚು ಮಾಡಿ ಕಲಿಸಿದ್ದನ್ನು ಸಿರಿವಂತ ದೇಶ ಸಿದ್ಧವಾಗಿ ಪಡೆಯುತ್ತದೆ. ಇದಕ್ಕೊಂದು ಮರ್ಯಾದೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಸಂಹಿತೆ ರಚಿಸಿತು. ಆದರೆ ಅದನ್ನು ಪಾಲಿಸುವುದು ಬಿಡುವುದು ಆಯಾ ದೇಶದ ಇಷ್ಟ. ಇಂಗ್ಲೆಂಡು ನಮಗೆ ಮಾಡಿದ್ದನ್ನು ಮುಂಬಯಿಯೂ ತನ್ನ ಹಳ್ಳಿಗಳಿಗೆ ಮಾಡುತ್ತಿಲ್ಲವೆ? ನಗರದ ಐಷಾರಾಮಿ ಆಸ್ಪತ್ರೆಯಲ್ಲಿ ಕರೆಗಂಟೆ ಒತ್ತಿದರೆ ನರ್ಸು ಬರುತ್ತಾಳೆ. ಅವಳ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಗಿಲಿಗೆ ಬೀಗ. ಈ ಸರಪಳಿಯ ನಡುವಿನ ಕೊಂಡಿ ನಾವು. ಮೇಲಿನವರನ್ನು ದೂರುವಾಗ ಕೆಳಗಿನವರ ಕಡೆಗೂ ನೋಡಬೇಕು.

ಪರಿಹಾರವಿಲ್ಲವೆ? ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಕಾಯಿದೆ ಮಾಡಿ, 2004ರಿಂದ ಅದನ್ನು ಜಾರಿಗೆ ತಂದಿತು. ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಮೊದಲು ಆರು, ಮರುವರ್ಷದಿಂದ ಐದು ರೋಗಿಗಳು, ಐ.ಸಿ.ಯು.ದಲ್ಲಿ ಎರಡು, ಅದಕ್ಕಿಂತ ಹೆಚ್ಚು ಕೂಡದು. ಇದರಿಂದ ಖರ್ಚು ಹೆಚ್ಚುತ್ತದೆ, ಆಸ್ಪತ್ರೆಗಳು ಮುಚ್ಚುತ್ತವೆ ಎಂಬ ಆಕ್ಷೇಪ ಅಲ್ಲಿಯೂ ಬಂದಿತ್ತು. ನಮ್ಮಲ್ಲಿ ಆ ಆಕ್ಷೇಪಕ್ಕೆ ತೂಕ ಇನ್ನೂ ಹೆಚ್ಚು. ಸರಕಾರಿ ಆಸ್ಪತ್ರೆ ಬಾಗಿಲಿಗೆ ಬಂದ ಬಡವನನ್ನು 'ನಮ್ಮಲ್ಲಿ ನರ್ಸಿನ ಲೆಕ್ಕ ಮುಗಿದಿದೆ, ಹೋಗು' ಎಂದು ಹಿಂದಕ್ಕೆ ಕಳಿಸಲಾದೀತೆ? ಕಳಿಸಿದರೆ ಅವನಿಗೆ ಹೋಗಲು ಬೇರೆ ಜಾಗವೇ ಇಲ್ಲ. ಆದ್ದರಿಂದ ನಿಯಮದ ದಂಡವನ್ನು ಮೊದಲು ಖಾಸಗಿ ಆಸ್ಪತ್ರೆಗಳ ಮೇಲೆ ಎತ್ತಬೇಕು. ಅಮೃತಶಿಲೆಯ ಹಾಸಿಗೂ ಜಾಹೀರಾತಿಗೂ ಹಣ ಇರುವಲ್ಲಿ ನರ್ಸಿಗೆ ಹಣವಿಲ್ಲ ಎಂದರೆ ನಂಬಲಾಗದು. ಸರಕಾರದ ಮೇಲೆ ನಾವು ಹೇರಬೇಕಾದ ಒತ್ತಾಯ ಬೇರೆ. ಮಂಜೂರಾದ ಹುದ್ದೆ ಖಾಲಿ ಬಿಡಬಾರದು, ಗುತ್ತಿಗೆಯ ನೇಮಕ ನಿಲ್ಲಬೇಕು, ಹೊಸ ಕಟ್ಟಡಕ್ಕೆ ಕಲ್ಲು ಹಾಕುವಾಗಲೇ ಅದರ ನರ್ಸುಗಳ ಹುದ್ದೆಗೂ ಸಹಿ ಬೀಳಬೇಕು. ಕೇಂದ್ರ ಸರಕಾರ 'ಸ್ಟಾಫ್ ನರ್ಸ್' ಎಂಬ ಹೆಸರನ್ನು ಬದಲಿಸಿ 'ನರ್ಸಿಂಗ್ ಆಫೀಸರ್' ಎಂದು ಕರೆದಿದೆ. ಗೌರವದ ಹೆಸರು ಒಳ್ಳೆಯದೇ. ಆಫೀಸರ್ ಎಂದು ಕರೆಸಿಕೊಂಡವರು ರಾತ್ರಿ ಒಂಟಿಯಾಗಿ ನಲವತ್ತು ಮಂದಿಯ ನಡುವೆ ಓಡುವುದು ತಪ್ಪಿದರೆ ಆ ಹೆಸರು ಸಾರ್ಥಕವಾದೀತು.

ನರ್ಸಿಲ್ಲದ ಜಾಗವನ್ನು ಇಂದು ತುಂಬುತ್ತಿರುವವರು ರೋಗಿಯ ಮನೆಯವರು. ಮಂಚದ ಕೆಳಗೆ ಚಾಪೆ ಹಾಸಿ ಮಲಗಿ, ಬೆಡ್‌ಪ್ಯಾನ್ ಇಟ್ಟು, ಸಲಾಯಿನ್ ಮುಗಿಯಿತೇ ಎಂದು ರಾತ್ರಿಯಿಡೀ ನೋಡುತ್ತ ಕೂರುವ ಹೆಂಡತಿ, ಮಗಳು. ಪ್ರೀತಿಯಿಂದ ಜೊತೆಗಿರುವುದು ಬೇರೆ, ಬೇರೆ ದಾರಿಯಿಲ್ಲದೆ ನರ್ಸಿನ ಕೆಲಸ ಮಾಡುವುದು ಬೇರೆ. ದಿನಗೂಲಿಯ ಮನೆಯಲ್ಲಿ ಒಬ್ಬ ಕಾಯಿಲೆ ಬಿದ್ದರೆ ಇಬ್ಬರ ಕೂಲಿ ಹೋಗುತ್ತದೆ. ಸರಕಾರ ಉಳಿಸಿದ ಸಂಬಳವನ್ನು ಬಡವರು ಹೀಗೆ ಕಟ್ಟುತ್ತಾರೆ.

ನಮ್ಮಂಥ ಸಂಘಗಳು ಏನು ಮಾಡಬಹುದು? ಆರೋಗ್ಯ ಶಿಬಿರ ಮಾಡುತ್ತೇವೆ, ವೈದ್ಯರಿಗೆ ಶಾಲು ಹೊದಿಸುತ್ತೇವೆ. ಅದೇ ಶಿಬಿರದಲ್ಲಿ ಬೆಳಗಿನಿಂದ ನಿಂತು ರಕ್ತ ತೆಗೆದ ನರ್ಸಿನ ಹೆಸರನ್ನು ವೇದಿಕೆಯಿಂದ ಹೇಳುವುದು ಮೊದಲ ಹೆಜ್ಜೆ. ಶಾಲು ಸಂಬಳಕ್ಕೆ ಬದಲಿಯಲ್ಲ ಎಂಬುದನ್ನೂ ನೆನಪಿಡೋಣ. ನಮ್ಮವರಲ್ಲಿ ಆಸ್ಪತ್ರೆಯ ಟ್ರಸ್ಟಿಗಳಿದ್ದಾರೆ, ದಾನಿಗಳಿದ್ದಾರೆ, ಬ್ಯಾಂಕುಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದವರಿದ್ದಾರೆ. ಯಂತ್ರಕ್ಕೆ ದಾನ ಕೊಡುವ ಮೊದಲು 'ರಾತ್ರಿಪಾಳಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು?' ಎಂದು ಅವರು ಕೇಳಲಿ. ನಮ್ಮ ಮನೆಯವರನ್ನು ಸೇರಿಸುವಾಗ ಕೋಣೆಯ ಬಾಡಿಗೆ ಕೇಳುವಂತೆಯೇ ಇದನ್ನೂ ನಾವು ಕೇಳೋಣ. ಹತ್ತು ಜನ ಕೇಳಿದರೆ ಆಸ್ಪತ್ರೆಗಳು ಉತ್ತರ ಸಿದ್ಧಮಾಡಿಕೊಳ್ಳುತ್ತವೆ. ನೂರು ಜನ ಕೇಳಿದರೆ ನರ್ಸುಗಳನ್ನೂ ನೇಮಿಸಿಕೊಳ್ಳುತ್ತವೆ.

ಚರಕ ಹೇಳಿದ ನಾಲ್ಕು ಪಾದಗಳಲ್ಲಿ ವೈದ್ಯರಾಗುವವರು ನಮ್ಮಲ್ಲಿ ಕೆಲವರು, ಪರಿಚಾರಕರಾಗುವವರು ಇನ್ನು ಕೆಲವರು. ರೋಗಿಯಾಗುವ ಸರದಿ ಮಾತ್ರ ಎಲ್ಲರಿಗೂ ಇದೆ. ಆ ದಿನ ನಮಗೆ ಬೇಕಾಗುವುದು ಔಷಧ ಮಾತ್ರವಲ್ಲ, ನಮ್ಮ ಕ್ಷೀಣವಾದ ದನಿಯನ್ನು ಕೇಳಿಸಿಕೊಳ್ಳಲು ಬಿಡುವಿರುವ ಒಬ್ಬರು. ಅಂಥ ಬಿಡುವನ್ನು ಅವರಿಗೆ ಒದಗಿಸಿಕೊಡುವ ಕೆಲಸವನ್ನು ನಾವು ಗಟ್ಟಿಯಾಗಿರುವಾಗಲೇ ಮಾಡಬೇಕು. ಮಲಗಿದ ಮೇಲೆ ಆಗುವಂಥದಲ್ಲ.